ಹೊಗೆ ಕಡಿಮೆಯಾದ ಕಥೆ: ನಮ್ಮ ಸೀಮೆಯ ಒಲೆ, ದೀಪಗಳ ಐವತ್ತು ವರ್ಷ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ನಾನು ಮೊದಲು ಯೋಚಿಸಿದ್ದು ಗುರುಗಳನ್ನು ಕುರಿತು ಬರೆಯೋಣವೆಂದು. ಆ ಕೆಲಸವನ್ನು ನನಗಿಂತ ಹಿರಿಯ ವಿದ್ಯಾರ್ಥಿಗಳು ಚೆನ್ನಾಗಿ ಮಾಡುತ್ತಾರೆಂದು ತಿಳಿಯಿತು. ನಾನು ಈ ಶಾಲೆಯ ಎಂಟನೇ ತರಗತಿಗೆ ಸೇರಿದ್ದು 1983ರಲ್ಲಿ. ಮುಂದೆ ಬೇರೆ ಊರುಗಳಲ್ಲಿ ವಿಜ್ಞಾನ ಮೇಷ್ಟರಾಗಿ ಮೂವತ್ತು ವರ್ಷ ಪಾಠ ಹೇಳಿದೆ. ಹಾಗಾಗಿ ಇತಿಹಾಸ ಬರೆಯಲು ಕುಳಿತರೂ ಕೈ ವಿಜ್ಞಾನದ ಕಡೆಗೇ ಹೋಗುತ್ತದೆ. ಈ ಐವತ್ತು ವರ್ಷಗಳಲ್ಲಿ ನಮ್ಮ ಮನೆಗಳ ಒಳಗಿನ ಗಾಳಿ ಹೇಗೆ ಬದಲಾಯಿತು, ಯಾರ ಬುದ್ಧಿಯಿಂದ ಬದಲಾಯಿತು, ಎಲ್ಲಿ ಬದಲಾಗದೆ ಉಳಿಯಿತು ಎಂಬುದನ್ನು ಹೇಳಬೇಕೆನಿಸಿದೆ. ಇದರಲ್ಲಿ ರಾಜರಿಲ್ಲ, ಯುದ್ಧಗಳಿಲ್ಲ. ಒಲೆ ಇದೆ, ಬುಡ್ಡಿದೀಪ ಇದೆ, ಅವುಗಳ ಮುಂದೆ ಕುಳಿತವರಿದ್ದಾರೆ.

ಒಲೆ ಮತ್ತು ಬುಡ್ಡಿಯ ಕಾಲ

ನನ್ನ ವಯಸ್ಸಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಕ್ಕಳಿಗಾಗಿ ಬರೆಯುತ್ತೇನೆ. ಆಗ ಅಡಿಗೆಮನೆ ಎಂದರೆ ಕಿಟಕಿಯಿಲ್ಲದ ಒಂದು ಕೋಣೆ, ಮೂಲೆಯಲ್ಲಿ ಮಣ್ಣಿನ ಒಲೆ, ಅದರ ಪಕ್ಕದಲ್ಲಿ ಕೊಡೊಲೆ, ಗೋಡೆಗೆ ಒರಗಿಸಿದ ಊದುಕೊಳವೆ. ಹೆಂಚಿನ ಸಂದಿಯಲ್ಲಿ ನುಸುಳಿ ಹೋದಷ್ಟೇ ಹೊಗೆ ಹೊರಗೆ ಹೋಗುತ್ತಿತ್ತು. ಉಳಿದದ್ದು ತೊಲೆಗೆ, ಅಟ್ಟಕ್ಕೆ, ಅವ್ವಂದಿರ ಕಣ್ಣಿಗೆ. ಮಳೆಗಾಲದಲ್ಲಿ ಸೌದೆ ನೆನೆದಿದ್ದರೆ ಮುದ್ದೆಗೆ ಎಸರು ಕುದಿಯುವ ಹೊತ್ತಿಗೆ ಮನೆಯವರೆಲ್ಲ ಜಗಲಿಯ ಮೇಲಿರುತ್ತಿದ್ದರು. ಒಳಗಿರುತ್ತಿದ್ದವರು ಒಬ್ಬರೇ.

ರಾತ್ರಿ ಓದಲು ಸೀಮೆಎಣ್ಣೆ ಬುಡ್ಡಿ. ಬೆಳಿಗ್ಗೆ ಮುಖ ತೊಳೆಯುವಾಗ ಮೂಗಿನಿಂದ ಕಪ್ಪು ಬರುತ್ತಿತ್ತು. ಅದನ್ನು ನಾವು ಓದಿದ್ದಕ್ಕೆ ಸಾಕ್ಷಿಯೆಂದು ತಿಳಿದಿದ್ದೆವು. ಬತ್ತಿಯ ಬುಡ್ಡಿಯಲ್ಲಿ ಉರಿದ ಎಣ್ಣೆಯ ತೂಕದಲ್ಲಿ ನೂರಕ್ಕೆ ಏಳರಿಂದ ಒಂಬತ್ತು ಪಾಲು ಮಸಿಯಾಗಿಯೇ ಗಾಳಿಗೆ ಸೇರುತ್ತದೆಂದು ಬಹಳ ವರ್ಷಗಳ ನಂತರ ವಿಜ್ಞಾನಿಗಳು ಅಳೆದು ಹೇಳಿದರು. ಕೊಡುತ್ತಿದ್ದ ಬೆಳಕೋ, ಪುಸ್ತಕದ ಒಂದು ಪುಟಕ್ಕೆ ಸಾಕಾಗುವಷ್ಟು. ಎಣ್ಣೆ ಬಹಳ, ಬೆಳಕು ಸ್ವಲ್ಪ, ಮಸಿ ಬೇಕಾದಷ್ಟು. ದಕ್ಷತೆ ಎಂಬ ಪದವನ್ನು ನಾನು ಪಾಠ ಮಾಡುವಾಗ ಮಕ್ಕಳಿಗೆ ಕೊಡುತ್ತಿದ್ದ ಮೊದಲ ಉದಾಹರಣೆ ಈ ಬುಡ್ಡಿಯೇ. ಹಾಕಿದ್ದರಲ್ಲಿ ಎಷ್ಟು ಪಾಲು ನಮ್ಮ ಕೆಲಸಕ್ಕೆ ಬಂತು ಎಂಬುದೇ ದಕ್ಷತೆ. ಕೆಲಸಕ್ಕೆ ಬಾರದ ಪಾಲು ಎಲ್ಲೋ ಮಾಯವಾಗುವುದಿಲ್ಲ. ಅದು ಶಾಖವಾಗಿ, ಹೊಗೆಯಾಗಿ, ಬೂದಿಯಾಗಿ ಯಾರ ಮೇಲಾದರೂ ಬೀಳುತ್ತದೆ.

ಪುರ ಗ್ರಾಮದ ಲೆಕ್ಕ

ನಮ್ಮ ಶಾಲೆ ಆರಂಭವಾಗುವುದಕ್ಕೆ ಒಂದು ವರ್ಷ ಮೊದಲು, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಒಂದು ಹೊಸ ಕೆಲಸ ಶುರುವಾಯಿತು. ಅದರ ಹೆಸರು ‘ಅಸ್ತ್ರ’. ಹಳ್ಳಿಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವುದು ಎಂಬರ್ಥದ ಇಂಗ್ಲಿಷ್ ಮಾತಿನ ಮೊದಲಕ್ಷರಗಳು ಸೇರಿ ಆದ ಹೆಸರದು. ಇದನ್ನು ಕಟ್ಟಿದವರು ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿ. ಬೆಂಗಳೂರಿನಲ್ಲೇ ಹುಟ್ಟಿದ ಅವರು ವಿದ್ಯುತ್ ರಸಾಯನಶಾಸ್ತ್ರದಲ್ಲಿ ದೊಡ್ಡ ಹೆಸರು ಮಾಡಿದವರು. ಆ ವಿಷಯದಲ್ಲಿ ಅವರು ಬಾಕ್ರಿಸ್ ಅವರೊಡನೆ ಬರೆದ ಗ್ರಂಥ ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಪಠ್ಯವಾಗಿತ್ತು. ಅಂಥವರು ಪ್ರಯೋಗಾಲಯ ಬಿಟ್ಟು ಹಳ್ಳಿಯ ಒಲೆಯ ಮುಂದೆ ಕುಳಿತದ್ದು ಆ ಕಾಲಕ್ಕೆ ಸಣ್ಣ ವಿಷಯವಲ್ಲ.

ಅವರ ತಂಡ ಬಂದದ್ದು ನಮ್ಮ ತುಮಕೂರು ಜಿಲ್ಲೆಗೇ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಒಂದು ಕೇಂದ್ರ ಮಾಡಿಕೊಂಡು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಲೆಕ್ಕ ತೆಗೆದರು. ಒಂದು ದಿನಕ್ಕೆ ಎಷ್ಟು ಸೌದೆ, ಎಷ್ಟು ಸೀಮೆಎಣ್ಣೆ, ಎತ್ತು ಎಷ್ಟು ಹೊತ್ತು ದುಡಿಯಿತು, ಗಂಡಸು ಎಷ್ಟು ಹೊತ್ತು, ಹೆಂಗಸು ಎಷ್ಟು ಹೊತ್ತು, ಮಗು ಎಷ್ಟು ಹೊತ್ತು. ಅವುಗಳಲ್ಲಿ ಪುರ ಎಂಬ ಚಿಕ್ಕ ಹಳ್ಳಿಯ ಲೆಕ್ಕ ದೇಶವಿದೇಶಗಳಲ್ಲಿ ಪ್ರಸಿದ್ಧವಾಯಿತು.

ಆ ಲೆಕ್ಕದಿಂದ ಎರಡು ಸಂಗತಿ ಸ್ಪಷ್ಟವಾದವು. ಮೊದಲನೆಯದು, ಹಳ್ಳಿ ಬಳಸುವ ಶಕ್ತಿಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಸೌದೆಯಿಂದಲೇ ಬರುತ್ತಿತ್ತು. ವಿದ್ಯುತ್ ಕಂಬ ಊರಿಗೆ ಬಂದಿದ್ದರೂ ಊರಿನ ನಿಜವಾದ ಶಕ್ತಿ ಹೆಂಗಸರ ತಲೆಯ ಮೇಲಿನ ಹೊರೆಯಲ್ಲಿತ್ತು. ಎರಡನೆಯದು, ಮನುಷ್ಯರ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದು. ಸೌದೆ ಆಯುವುದಕ್ಕೇ ಒಂದು ಮನೆಗೆ ದಿನಕ್ಕೆ ಸರಾಸರಿ ಎರಡು ಗಂಟೆಗೂ ಹೆಚ್ಚು ಹೊತ್ತು ಹೋಗುತ್ತಿತ್ತು. ಹೀಗೆ ತಂದ ಸೌದೆಯ ಶಾಖದಲ್ಲಿ ಪಾತ್ರೆಗೆ ತಲುಪುತ್ತಿದ್ದುದು ಸುಮಾರು ಹತ್ತನೇ ಒಂದು ಪಾಲು. ಅಂದರೆ ಹತ್ತು ಹೊರೆ ಸೌದೆ ಹೊತ್ತು ತಂದರೆ ಒಂಬತ್ತು ಹೊರೆ ಗೋಡೆಗೂ ಗಾಳಿಗೂ.

ಅಸ್ತ್ರ ಒಲೆ

ಹೊಗೆಯಿಲ್ಲದ ಒಲೆ ಎಂಬುದು ಆಗಲೇ ಹೊಸ ಮಾತಾಗಿರಲಿಲ್ಲ. ವಾರ್ಧಾದ ಮಗನವಾಡಿಯಲ್ಲಿ ಗಾಂಧೀಜಿಯ ಅನುಯಾಯಿಗಳು ‘ಮಗನ್ ಚೂಲಾ’ ಮಾಡಿದ್ದರು. 1950ರ ದಶಕದಲ್ಲಿ ಹೈದರಾಬಾದಿನ ಇಂಜಿನಿಯರ್ ಎಸ್. ಪಿ. ರಾಜು ಅವರು ಹೊಗೆಕೊಳವೆಯ ಒಲೆಯೊಂದನ್ನು ರೂಪಿಸಿ ಅದರ ಬಗ್ಗೆ ಪುಸ್ತಕವನ್ನೇ ಬರೆದಿದ್ದರು. ಆದರೆ ಹೊಗೆಯನ್ನು ಹೊರಗೆ ಕಳಿಸುವುದು ಬೇರೆ, ಸೌದೆಯನ್ನು ಪೂರ್ತಿ ಉರಿಸಿ ಅದರ ಶಾಖವನ್ನು ಪಾತ್ರೆಗೆ ಮುಟ್ಟಿಸುವುದು ಬೇರೆ. ಈ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಿ ಮಾಡಿದ್ದು 1980ರ ದಶಕದ ಆರಂಭದಲ್ಲಿ ಅಸ್ತ್ರ ತಂಡ. ಪ್ರೊ. ಕೆ. ಎಸ್. ಜಗದೀಶ್, ಎಸ್. ಎಸ್. ಲೋಕ್ರಸ್ ಮೊದಲಾದವರು ಅದರಲ್ಲಿದ್ದರು.

ಆ ಒಲೆಯಲ್ಲಿ ಸಾಲಾಗಿ ಮೂರು ಪಾತ್ರೆ ಇಡಬಹುದು. ಸೌದೆ ನೆಲದ ಮೇಲೆ ಬೂದಿಯಲ್ಲಿ ಹೂತುಕೊಂಡು ಕೊರಗುವುದಿಲ್ಲ. ಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ. ಜಾಲರಿಯ ಕೆಳಗಿನಿಂದ ಬೇಕಾದಷ್ಟೇ ಗಾಳಿ ಬರುತ್ತದೆ. ಸೌದೆ ಹಾಕುವ ಬಾಯಿ ಚಿಕ್ಕದು, ಅದಕ್ಕೊಂದು ಮುಚ್ಚಳ. ಉರಿ ಮೊದಲ ಪಾತ್ರೆಯನ್ನು ಕಾಯಿಸಿ, ಮುಂದಕ್ಕೆ ಹರಿದು ಎರಡನೆಯದನ್ನೂ ಮೂರನೆಯದನ್ನೂ ಕಾಯಿಸಿ, ಶಕ್ತಿ ಕಳೆದುಕೊಂಡ ಮೇಲೆ ಕೊಳವೆಯಲ್ಲಿ ಏರಿ ಸೂರಿನ ಮೇಲೆ ಹೋಗುತ್ತದೆ. ಮುದ್ದೆ, ಸಾರು, ಬಿಸಿನೀರು ಮೂರೂ ಒಂದೇ ಉರಿಯಲ್ಲಿ. ಪ್ರಯೋಗಾಲಯದಲ್ಲಿ ಇದು ಹಳೆಯ ಒಲೆಯ ಮೂರು ಪಟ್ಟಿಗೂ ಹೆಚ್ಚು ದಕ್ಷತೆ ತೋರಿಸಿತು.

ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಗಾರೆ ಕೆಲಸದವರಿಗೆ ತರಬೇತಿ ಕೊಟ್ಟು ಈ ಒಲೆಯನ್ನು ರಾಜ್ಯದಾದ್ಯಂತ ಹಬ್ಬಿಸಿತು. ಅದೇ ಹೊತ್ತಿಗೆ, 1983ರಲ್ಲಿ, ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವೂ ಆರಂಭವಾಯಿತು. ಅದು 2002ರಲ್ಲಿ ನಿಲ್ಲುವ ಹೊತ್ತಿಗೆ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆಗಳು ಕಟ್ಟಲ್ಪಟ್ಟಿದ್ದವು.

ನಮ್ಮ ಮನೆಯ ಒಲೆ

ಆ ಮೂರು ಕೋಟಿಯಲ್ಲಿ ಒಂದು ನಮ್ಮ ಮನೆಯದು. ನಾನು ಹತ್ತನೇ ತರಗತಿಯಲ್ಲಿದ್ದಾಗ ಮೇಸ್ತ್ರಿಯೊಬ್ಬರು ಬಂದು ಒಂದೇ ದಿನದಲ್ಲಿ ಕಟ್ಟಿಕೊಟ್ಟರು. ಮೊದಲ ದಿನ ಅಕ್ಕಪಕ್ಕದ ಮನೆಯವರೆಲ್ಲ ನೋಡಲು ಬಂದರು. ಸೂರಿನ ಮೇಲೆ ಕೊಳವೆಯಲ್ಲಿ ಹೊಗೆ ಬರುವುದನ್ನು ಕಂಡ ನನ್ನಜ್ಜಿ, “ಇದೇನ್ಲಾ, ನಮ್ಮನೆ ರೈಲಾಯ್ತು” ಎಂದಳು. ಅವ್ವ ಮೂರು ಪಾತ್ರೆಗೂ ಮುಚ್ಚಳ ಹಾಕಿ ಕಣ್ಣೊರೆಸಿಕೊಳ್ಳದೆ ಅಡಿಗೆ ಮುಗಿಸಿದಳು. ಸೌದೆಯ ಅಟ್ಟಿ ಎರಡು ವಾರ ಬರುವುದು ಒಂದು ತಿಂಗಳು ಬಂತು.

ತೊಂದರೆ ಶುರುವಾದದ್ದು ಸೌದೆಯ ಗಾತ್ರದಿಂದ. ಒಲೆಯ ಬಾಯಿ ಚಿಕ್ಕದಾದ್ದರಿಂದ ಕೊಂಬೆಯನ್ನು ಗೇಣುದ್ದ ಕಡಿದು, ಸಣ್ಣಕೆ ಸೀಳಿ ಹಾಕಬೇಕು. ಹಳೆಯ ಒಲೆಗಾದರೆ ಮಾರುದ್ದದ ಕೊಂಬೆಯನ್ನು ತುದಿಯಿಂದ ತಳ್ಳುತ್ತ ಹೋದರಾಯಿತು. ಅವ್ವ ಒಮ್ಮೆ ಹೇಳಿದ ಮಾತು ಇವತ್ತಿಗೂ ನೆನಪಿದೆ: “ಒಲೆ ಚೆನ್ನಾಗೈತೆ ಕಣಪ್ಪ, ಸೌದೆ ಕಮ್ಮಿ ತಿಂತದೆ. ಆದ್ರೆ ಅದನ್ನ ಸೀಳೋರು ಯಾರು?” ಸೀಳಬೇಕಾದವನು ನಾನು. ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಭಾನುವಾರ ನಾನೇ ಹಾರೆ ತೆಗೆದುಕೊಂಡು ಒಲೆಯ ಬಾಯನ್ನು ಅಗಲ ಮಾಡಿದೆ. ಉದ್ದದ ಸೌದೆ ಸಲೀಸಾಗಿ ಒಳಗೆ ಹೋಯಿತು. ಮುಚ್ಚಳ ಮುಚ್ಚಲಿಲ್ಲ. ಗಾಳಿ ಹೆಚ್ಚಾಗಿ ನುಗ್ಗಿತು, ಉರಿ ಹಿಂದಕ್ಕೆ ಬಂತು, ಹೊಗೆ ಮತ್ತೆ ಅಡಿಗೆಮನೆಗೆ ಬಂತು. ಕೊಳವೆಯನ್ನು ತಿಂಗಳಿಗೊಮ್ಮೆ ಕೆರೆದು ಮಸಿ ತೆಗೆಯಬೇಕೆಂದು ಮೇಸ್ತ್ರಿ ಹೇಳಿ ಹೋಗಿದ್ದರು. ಆ ಕೆಲಸವೂ ನನ್ನದೇ, ಅದನ್ನೂ ನಾನು ಎರಡು ಸಲ ಮಾಡಿ ಬಿಟ್ಟೆ. ಮುಂದಿನ ಮಳೆಗಾಲಕ್ಕೆ ಕೊಳವೆ ಕಟ್ಟಿಕೊಂಡು, ಆ ಒಲೆ ಹಳೆಯ ಒಲೆಗಿಂತ ಕಡೆಯಾಯಿತು. ಅವ್ವ ನನ್ನನ್ನು ಬಯ್ಯಲಿಲ್ಲ. ಪಕ್ಕದಲ್ಲಿ ಮೂರು ಕಲ್ಲಿಟ್ಟು ಅಡಿಗೆ ಮಾಡಿದಳು.

ದೇಶದ ಬೇರೆಡೆಯೂ ನಡೆದದ್ದು ಹೆಚ್ಚುಕಡಿಮೆ ಇದೇ. ಒಲೆ ಎಷ್ಟು ಕಟ್ಟಿದರು ಎಂಬ ಲೆಕ್ಕವಿತ್ತು; ಎರಡು ವರ್ಷದ ಮೇಲೆ ಎಷ್ಟು ಉರಿಯುತ್ತಿವೆ ಎಂಬುದನ್ನು ನೋಡುವವರು ಕಡಿಮೆ. ಬಿರುಕು ಬಿಟ್ಟರೆ ಸರಿಮಾಡುವ ಮೇಸ್ತ್ರಿ ಊರಲ್ಲಿರಲಿಲ್ಲ. ಪ್ರಯೋಗಾಲಯದ ಉಳಿತಾಯ ಮನೆಗಳಲ್ಲಿ ಪೂರ್ತಿ ಸಿಗಲಿಲ್ಲ. ಹಾಗೆಂದು ಅಸ್ತ್ರದವರ ವಿಜ್ಞಾನ ತಪ್ಪಾಗಿತ್ತೆಂದು ನಾನು ಹೇಳುವುದಿಲ್ಲ. ಒಲೆಯ ಲೆಕ್ಕ ಸರಿಯಾಗಿತ್ತು. ಸೀಳುವವರ, ಕೆರೆಯುವವರ ಲೆಕ್ಕ ಬಿಟ್ಟುಹೋಗಿತ್ತು.

ಅವ್ವನಿಗೆ ಅರವತ್ತು ದಾಟಿದ ಮೇಲೆ ಉಬ್ಬಸ ಹೆಚ್ಚಾಯಿತು. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಎಕ್ಸರೇ ನೋಡಿದ ಡಾಕ್ಟರು ಮೊದಲು ಕೇಳಿದ್ದು, “ಇವರು ಬೀಡಿ ಸೇದುತ್ತಿದ್ದರಾ?” ಬೀಡಿಯ ವಾಸನೆಗೇ ಮುಖ ತಿರುಗಿಸುತ್ತಿದ್ದವಳು ಅವಳು. ನಾನು ಉತ್ತರ ಹೇಳುವ ಮೊದಲೇ ಅವ್ವ, “ಒಲೆ ಊದ್ತಿದ್ದೆ ಸ್ವಾಮಿ” ಎಂದಳು.

ಸೌದೆಯ ಉಳಿತಾಯ ಮತ್ತು ಹೊಗೆಯ ಲೆಕ್ಕ

ಅಡಿಗೆಮನೆಯ ಹೊಗೆಯನ್ನು ರೋಗದ ಕಾರಣವೆಂದು ಅಳೆಯಲು ಹೊರಟವರಲ್ಲಿ ಮೊದಲಿಗರು ಅಮೆರಿಕದ ವಿಜ್ಞಾನಿ ಕರ್ಕ್ ಸ್ಮಿತ್. 1981ರಲ್ಲಿ ಅವರು ಭಾರತೀಯ ಸಹೋದ್ಯೋಗಿಗಳೊಡನೆ ಗುಜರಾತಿನ ಹಳ್ಳಿಗಳಲ್ಲಿ, ಅಡಿಗೆ ಮಾಡುವ ಹೆಂಗಸರ ಮೈಮೇಲೆಯೇ ಚಿಕ್ಕ ಉಪಕರಣ ಕಟ್ಟಿ ಅವರು ಉಸಿರಾಡುವ ಗಾಳಿಯನ್ನು ಅಳೆದರು. ವಾಯುಮಾಲಿನ್ಯವೆಂದರೆ ಪಟ್ಟಣದ ಕಾರ್ಖಾನೆ, ಬಸ್ಸು ಎಂದುಕೊಂಡಿದ್ದ ಜಗತ್ತಿಗೆ ಅದು ಹೊಸ ಸುದ್ದಿಯಾಗಿತ್ತು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಇಲ್ಲಿ ವಿದ್ಯಾರ್ಥಿಗಳು ಒಂದು ಸೂಕ್ಷ್ಮವನ್ನು ಗಮನಿಸಬೇಕು. ದಕ್ಷತೆಯಲ್ಲಿ ಎರಡು ಬಗೆಯಿದೆ. ಸೌದೆ ಎಷ್ಟು ಪೂರ್ತಿಯಾಗಿ ಉರಿಯಿತು ಎಂಬುದು ಒಂದು. ಉರಿದ ಶಾಖ ಎಷ್ಟು ಪಾತ್ರೆಗೆ ಮುಟ್ಟಿತು ಎಂಬುದು ಇನ್ನೊಂದು. ಎರಡನೆಯದು ಹೆಚ್ಚಿದರೆ ಸೌದೆ ಉಳಿಯುತ್ತದೆ. ಸೌದೆ ಅರ್ಧವಾದರೆ, ಉರಿಯುವ ರೀತಿ ಬದಲಾಗದಿದ್ದಲ್ಲಿ, ಹೊಗೆಯೂ ಅರ್ಧವಾಗುತ್ತದೆ. ಆದರೆ ಗಾಳಿ ಸಾಲದೆ ಸೌದೆ ಕೊರಗಿದರೆ, ಕಡಿಮೆ ಸೌದೆಯಲ್ಲೇ ಹೆಚ್ಚು ಹೊಗೆ ಬರಬಹುದು. ಇಂಗಾಲದ ಮಾನಾಕ್ಸೈಡು, ಕಣ್ಣಿಗೆ ಕಾಣದ ಸಣ್ಣ ಕಣಗಳು ಹುಟ್ಟುವುದು ಹೀಗೆ ಅರೆಬರೆ ಉರಿದಾಗಲೇ. ಕೊಳವೆಯೋ, ಹೊಗೆಯನ್ನು ಕಡಿಮೆ ಮಾಡುವುದಿಲ್ಲ, ನಮ್ಮ ಮನೆಯಿಂದ ಬೀದಿಗೆ ಕಳಿಸುತ್ತದೆ, ಅಷ್ಟೆ. ಗ್ಯಾಸಿನ ನೀಲಿ ಉರಿಗೆ ಹೊಗೆಯಿಲ್ಲದಿರುವುದು ಅದು ಪೂರ್ತಿಯಾಗಿ ಉರಿಯುವುದರಿಂದ. ಅಡಿಗೆ ಗ್ಯಾಸಿನ ಒಲೆಗೆ ಕನಿಷ್ಠ 68 ಶೇಕಡಾ ದಕ್ಷತೆ ಇರಬೇಕೆಂದು ನಮ್ಮ ದೇಶದ ಮಾನಕವೇ ಹೇಳುತ್ತದೆ. ಹಳೆಯ ಒಲೆಯ ಹತ್ತರ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

ಇದೇ ಪಾಠ ಆಲೆಮನೆಗೂ ಅನ್ವಯಿಸುತ್ತದೆ. ಒಲೆ ಸರಿಯಿದ್ದರೆ ಕಬ್ಬಿನ ಸಿಪ್ಪೆಯಲ್ಲೇ ಬೆಲ್ಲದ ಪಾಕ ಇಳಿಯಬೇಕು. ಒಲೆ ಸರಿಯಿಲ್ಲದೆ ಸಿಪ್ಪೆ ಸಾಲದಾದಾಗ ಕೆಲವು ಕಡೆ ಹಳೆಯ ಟೈರು ಹಾಕಿ ಉರಿಸಿದ್ದುಂಟು. ಆ ಕಪ್ಪು ಹೊಗೆ ನೋಡಿದವರಿಗೆ ದಕ್ಷತೆಗೂ ಮಾಲಿನ್ಯಕ್ಕೂ ಇರುವ ಸಂಬಂಧವನ್ನು ಬೇರೆ ಹೇಳಬೇಕಾಗಿಲ್ಲ.

ಕಂಬದಿಂದ ಬಂದ ಬೆಳಕು

ಕರ್ನಾಟಕಕ್ಕೆ ವಿದ್ಯುತ್ತು ಹೊಸತಲ್ಲ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ತಂತಿ ಎಳೆದಿದ್ದರು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಹಳ್ಳಿಯ ಬಡವರ ಮನೆಗೆ ಬಂದದ್ದು ಬಹಳ ತಡವಾಗಿ, ಭಾಗ್ಯಜ್ಯೋತಿಯ ಒಂದೇ ಬಲ್ಬಾಗಿ. ಆ ಕಾಲದ ನಮ್ಮ ವಿದ್ಯುತ್ತೆಲ್ಲ ನೀರಿನದು. ಶರಾವತಿ ತುಂಬಿದರೆ ಬೆಳಕು, ಮಳೆ ಕೈಕೊಟ್ಟರೆ ಕತ್ತಲೆ. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಆರಂಭವಾದ ಮೇಲೆ ನಮ್ಮ ಸ್ವಿಚ್ಚಿನ ಇನ್ನೊಂದು ತುದಿಯಲ್ಲಿ ಕಲ್ಲಿದ್ದಲು ಬಂದು ಕುಳಿತಿತು. ಮನೆಯ ಬುಡ್ಡಿಯ ಮಸಿ ಹೋಯಿತು. ಕೃಷ್ಣಾ ತೀರದಲ್ಲಿ ಹೊಗೆಯೂ ಹಾರುಬೂದಿಯೂ ಎದ್ದವು. ಅದನ್ನು ಉಸಿರಾಡುವವರು ನಮಗೆ ಕಾಣದವರು.

1987ರಲ್ಲಿ ರಾಜ್ಯದ ವಿದ್ಯುತ್ ಯೋಜನೆಗಳಿಗೆ ದೀರ್ಘಾವಧಿಯ ಒಂದು ದೊಡ್ಡ ಯೋಜನೆ ಸಿದ್ಧವಾಯಿತು. ಪ್ರೊ. ರೆಡ್ಡಿಯವರು ತಮ್ಮ ಸಂಗಡಿಗರೊಡನೆ ಅದಕ್ಕೆ ಪ್ರತಿಯಾಗಿ 1991ರಲ್ಲಿ ಇನ್ನೊಂದು ಲೆಕ್ಕ ಮುಂದಿಟ್ಟರು. ಅವರ ವಾದ ಸರಳ. ಜನರಿಗೆ ಬೇಕಾದ್ದು ಯೂನಿಟ್ಟುಗಳಲ್ಲ. ಬೆಳಕು, ಬಿಸಿನೀರು, ಹೊಲಕ್ಕೆ ನೀರು. ಒಳ್ಳೆಯ ದೀಪ, ಒಳ್ಳೆಯ ಪಂಪು, ನೀರು ಕಾಯಿಸಲು ಸೂರ್ಯ, ಇಷ್ಟು ಮಾಡಿದರೆ ಸರ್ಕಾರಿ ಯೋಜನೆ ಹೇಳಿದ ವಿದ್ಯುತ್ತಿನ ಅರ್ಧಕ್ಕಿಂತ ಕಡಿಮೆಯಲ್ಲೇ ಎಲ್ಲ ಮನೆಗೂ ದೀಪ ಕೊಡಬಹುದು. ಉಳಿಸಿದ ವಿದ್ಯುತ್ತನ್ನು ಉತ್ಪಾದಿಸಿದ ವಿದ್ಯುತ್ತಿನಂತೆಯೇ ಲೆಕ್ಕಕ್ಕೆ ಹಿಡಿಯಬೇಕೆಂದು ಹೇಳಿದ ಕನ್ನಡ ನಾಡಿನ ಮೊದಲಿಗರಲ್ಲಿ ಅವರು ಪ್ರಮುಖರು. 2006ರಲ್ಲಿ ತೀರಿಕೊಂಡ ರೆಡ್ಡಿಯವರು ಮನೆಮನೆಗೆ ಎಲ್‌ಇಡಿ ಬಂದದ್ದನ್ನು ನೋಡಲಿಲ್ಲ. 2015ರಲ್ಲಿ ದೇಶದಲ್ಲಿ ಉಜಾಲ ಯೋಜನೆ ಬಂತು, ಅದೇ ವರ್ಷದ ಕೊನೆಗೆ ನಮ್ಮಲ್ಲಿ ಅದು ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಆರಂಭವಾಯಿತು. 2014ರಲ್ಲಿ ಸರ್ಕಾರ ಖರೀದಿಸುವಾಗ 310 ರೂಪಾಯಿ ಇದ್ದ ಬಲ್ಬು ಎರಡೇ ವರ್ಷದಲ್ಲಿ 38 ರೂಪಾಯಿಗೆ ಇಳಿಯಿತು.

ಒಂದು ಲೆಕ್ಕ ಮಾಡೋಣ. 60 ವಾಟಿನ ಹಳೆಯ ಬಲ್ಬಿನ ಜಾಗಕ್ಕೆ 9 ವಾಟಿನದು ಬಂದರೆ ಉಳಿಯುವುದು 51 ವಾಟು. ದಿನಕ್ಕೆ ಐದು ಗಂಟೆ ಉರಿದರೆ ವರ್ಷಕ್ಕೆ ಸುಮಾರು 93 ಯೂನಿಟ್. ಒಂದು ಯೂನಿಟ್‌ಗೆ ಹೆಚ್ಚುಕಡಿಮೆ ಮುಕ್ಕಾಲು ಕೆ.ಜಿ.ಯ ಹತ್ತಿರ ಕಲ್ಲಿದ್ದಲು ಬೇಕು. ಅಂದರೆ ಒಂದು ಬಲ್ಬು ವರ್ಷಕ್ಕೆ ಒಂದು ಮೂಟೆಗೂ ಹೆಚ್ಚು ಕಲ್ಲಿದ್ದಲನ್ನು ಸುಡದೆ ಬಿಡುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲು ಬೂದಿಯೇ. ಈಗ ನಮ್ಮ ಜಿಲ್ಲೆಯ ಪಾವಗಡದಲ್ಲೇ 2,050 ಮೆಗಾವಾಟಿನ ಸೌರ ಪಾರ್ಕು ಇದೆ ಎಂದು ಮಕ್ಕಳು ಕೇಳಬಹುದು. ನಿಜ. ಆದರೆ ನಾವು ದೀಪ ಹಚ್ಚುವುದು ಸೂರ್ಯ ಮುಳುಗಿದ ಮೇಲೆ.

ಇನ್ನೂ ಆರದ ಒಲೆ

2016ರಲ್ಲಿ ಉಜ್ವಲ ಯೋಜನೆ ಬಂದು 2019ರ ಹೊತ್ತಿಗೆ ಎಂಟು ಕೋಟಿ ಬಡ ಮನೆಗಳಿಗೆ ಗ್ಯಾಸ್ ಸಂಪರ್ಕ ಸಿಕ್ಕಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಶುದ್ಧ ಇಂಧನದಲ್ಲಿ ಅಡಿಗೆ ಮಾಡುವ ಮನೆಗಳು ದೇಶದಲ್ಲಿ 58.6 ಶೇಕಡಾ, ಕರ್ನಾಟಕದಲ್ಲಿ ಸುಮಾರು 80. ಪ್ರಾಥಮಿಕ ಶಾಲೆಯಲ್ಲಿ ಕಲ್ಲೊಲೆಯ ಹೊಗೆಯಲ್ಲಿ ಗೋಧಿ ಉಪ್ಪಿಟ್ಟು ಬೇಯುವುದನ್ನು ತಟ್ಟೆ ಹಿಡಿದು ಕಾದು ನಿಂತವರು ನಾವು. ಇಂದು ನಮ್ಮ ಪ್ರೌಢಶಾಲೆಯ ಬಿಸಿಯೂಟ ಗ್ಯಾಸಿನಲ್ಲಿ ಆಗುತ್ತದೆ. ಇದು ಸಂತೋಷದ ವಿಷಯ.

ಆದರೆ ಸಮೀಕ್ಷೆ ಕೇಳುವುದು ಅಡಿಗೆಯನ್ನು ಮಾತ್ರ. ಕಳೆದ ವರ್ಷ ಊರಿಗೆ ಬಂದಾಗ ಬೆಳಗಿನ ಆರು ಗಂಟೆಗೆ ನಮ್ಮ ಬೀದಿಯಲ್ಲಿ ನಡೆದು ಹೋದೆ. ಪ್ರತಿ ಮನೆಯ ಒಳಗೂ ಗ್ಯಾಸಿದೆ. ಪ್ರತಿ ಮನೆಯ ಹಿತ್ತಿಲಲ್ಲೂ ಹಂಡೆ ಒಲೆ ಉರಿಯುತ್ತಿದೆ. ತೆಂಗಿನ ಗರಿ, ಮಟ್ಟೆ, ಚಿಪ್ಪು, ಅವುಗಳ ಜೊತೆಗೆ ಹೊತ್ತಿಸಲು ಹಾಲಿನ ಕವರು, ಕುರುಕಲು ತಿಂಡಿಯ ಪೊಟ್ಟಣ. ಬೀದಿಯ ತುಂಬ ಹೊಗೆ ಮಲಗಿತ್ತು. ಒಲೆಯ ಮುಂದೆ ಕುಳಿತಿದ್ದವರು ಈಗಲೂ ಅಜ್ಜಿಯಂದಿರೇ.

ಪ್ಲಾಸ್ಟಿಕ್ಕನ್ನು ಒಲೆಗೆ ಹಾಕದಿರುವುದು ಇವತ್ತೇ ಆಗಬಹುದಾದ ಕೆಲಸ. ಹಂಡೆ ಒಲೆಗೊಂದು ಜಾಲರಿ, ಕೊಳವೆ, ಹಂಡೆಗೊಂದು ಮುಚ್ಚಳ, ಇದಕ್ಕೆ ಮೇಸ್ತ್ರಿಯೇ ಸಾಕು. ಅಸ್ತ್ರ ಒಲೆಯ ಅನುಭವವಿದ್ದವರಿಂದಲೇ ಬೆಳೆದ ಬೆಂಗಳೂರಿನ ‘ಟೈಡ್’ ಸಂಸ್ಥೆ ಹಳ್ಳಿಯ ಹೆಂಗಸರಿಗೇ ಒಲೆ ಕಟ್ಟುವ ತರಬೇತಿ ಕೊಟ್ಟು ತೋರಿಸಿದೆ. ಕಟ್ಟುವವರು ಊರಲ್ಲೇ ಇದ್ದರೆ ಸರಿಮಾಡುವವರೂ ಇರುತ್ತಾರೆ. ಕೈಲಾದವರಿಗೆ ಸೋಲಾರ್ ನೀರಿನ ಹೀಟರ್ ಇದ್ದೇ ಇದೆ.

ಶಾಲೆಯ ಮುಖ್ಯೋಪಾಧ್ಯಾಯರಲ್ಲಿ ನನ್ನದೊಂದು ವಿನಂತಿ. ಈ ವರ್ಷ ಒಂಬತ್ತನೇ ತರಗತಿಯ ಮಕ್ಕಳು ಪುರ ಗ್ರಾಮದಲ್ಲಿ ನಡೆದಂತೆ ನಮ್ಮೂರಿನ ಲೆಕ್ಕ ತೆಗೆಯಲಿ. ಎಷ್ಟು ಹಂಡೆ ಒಲೆ, ದಿನಕ್ಕೆ ಎಷ್ಟು ಕೆ.ಜಿ. ಸೌದೆ, ಯಾರು ತರುತ್ತಾರೆ, ಯಾರು ಸೀಳುತ್ತಾರೆ, ಯಾರು ಊದುತ್ತಾರೆ. ತಕ್ಕಡಿ ಮತ್ತು ನೋಟ್‌ಬುಕ್ ಇದ್ದರೆ ಸಾಕು. ಬೇಕಾದರೆ ತಕ್ಕಡಿ ನಾನು ತರುತ್ತೇನೆ. ಕೊಳವೆ ಕೆರೆಯುವ ಕೆಲಸ ಯಾರದು ಎಂಬ ಪ್ರಶ್ನೆಯನ್ನು ಮಾತ್ರ ಮಕ್ಕಳು ಮರೆಯದೆ ಕೇಳಲಿ.

ನನಗೆ ದಕ್ಷತೆಯ ಸೂತ್ರ ಕಲಿಸಿದ ಈ ಶಾಲೆಗೆ ನಮಸ್ಕಾರ. ಅದರ ಅರ್ಥ ಕಲಿಸಿದ ಅವ್ವನಿಗೆ ಈ ಲೇಖನ.